ಫ್ರೇಸಲ್ ವರ್ಬ್: ಪಟ್ಟಿ ಹಿಡಿದು ಕಲಿಯುವುದಾ, ಸಂದರ್ಭ ಹಿಡಿದಾ?

ಇಂಗ್ಲಿಷ್ ಕ್ರಿಯಾಪದಕ್ಕೆ ಅಪ್, ಆಫ್‌ನಂಥ ಪುಟ್ಟ ಪದ ಸೇರಿ ಬೇರೆ ಅರ್ಥ ಬಂದರೆ ಅದೇ ಫ್ರೇಸಲ್ ವರ್ಬ್. ಪಟ್ಟಿಯಲ್ಲಿ ಒಂದು ಕ್ರಿಯಾಪದದ ಇಡೀ ಸಂಸಾರ ಒಟ್ಟಿಗೆ ಸಿಗುತ್ತದೆ: ಲುಕ್ ಆಫ್ಟರ್, ಲುಕ್ ಫಾರ್, ಲುಕ್ ಇನ್‌ಟು. ಪರೀಕ್ಷೆ ಹತ್ತಿರವಿದ್ದರೆ ಇದೇ ಸರಿ. ಆದರೆ ಮಾತಾಡುವಾಗ ನೋಡಿಕೊಳ್ಳುವುದು, ಹುಡುಕುವುದು, ವಿಚಾರಿಸುವುದು ಎಲ್ಲ ಕಲಸುಮೇಲೋಗರ.

ಸಂದರ್ಭ ಹಿಡಿದು ಹೋದರೆ ನಿಧಾನ ಅನ್ನಿಸುತ್ತದೆ, ನಿಜ. ಆದರೆ ಕಲಿತದ್ದು ಸಮಯಕ್ಕೆ ಬಾಯಿಗೆ ಬರುತ್ತದೆ. ಫೋನಿಗೆ ಪಿಕ್ ಅಪ್, ಹ್ಯಾಂಗ್ ಅಪ್, ಕಾಲ್ ಬ್ಯಾಕ್. ಮನೆಗೆ ಟರ್ನ್ ಆಫ್, ಥ್ರೋ ಅವೇ. ಇಡೀ ವಾಕ್ಯವನ್ನೇ ಕಲಿಯುವುದರಿಂದ ಪದಗಳ ಜಾಗವೂ ತಪ್ಪುವುದಿಲ್ಲ. 'ಟರ್ನ್ ಇಟ್ ಆಫ್' ಸರಿ, 'ಟರ್ನ್ ಆಫ್ ಇಟ್' ತಪ್ಪು. 'ಲುಕ್ ಆಫ್ಟರ್ ಹರ್' ಅನ್ನು ಮಾತ್ರ ಹಾಗೆ ಒಡೆಯುವಂತಿಲ್ಲ. ಬರೀ ಪಟ್ಟಿಯಲ್ಲಿ ಇದೆಲ್ಲ ಕಾಣುವುದೇ ಇಲ್ಲ, ಅಲ್ವಾ?

ಆಫೀಸು, ಅಂಗಡಿಯಲ್ಲಿ ದಿನಾ ಮಾತಾಡಬೇಕಾದವರು ಸಂದರ್ಭವನ್ನೇ ಆರಿಸಿ. ಪಟ್ಟಿಯನ್ನು ಆಮೇಲೆ ಸುಮ್ನೆ ತಿರುವಿಹಾಕಿದರೆ ಸಾಕು.