ಲೋಡರ್ ಟ್ರ್ಯಾಕ್ಟರಿನ ಹಿಂಭಾರ: ಟಯರಿಗೆ ನೀರೋ, ಚಕ್ರಕ್ಕೆ ಬಿಲ್ಲೆಯೋ, ಹಿಂದೆ ಕಾಂಕ್ರೀಟ್ ಡ್ರಮ್ಮೋ?

ಶಿರಸಿ ಸೀಮೆಯಲ್ಲಿ ಅಡಿಕೆ ತೋಟ ಕಣಿವೆಯ ತಳದಲ್ಲಿರುತ್ತದೆ, ತೋಟಕ್ಕೆ ಬೇಕಾದ ಕೆಂಪು ಮಣ್ಣು ಮೇಲಿನ ಧರೆಯಲ್ಲಿ, ಅಂದರೆ ಕಡಿದಾದ ಮಣ್ಣಿನ ದಿಬ್ಬದಲ್ಲಿರುತ್ತದೆ. ಕೆಲವು ವರ್ಷಗಳಿಗೊಮ್ಮೆ ಮರದ ಬುಡಕ್ಕೆ ಹೊಸ ಮಣ್ಣು ಏರಿಸುವ ಕೆಲಸಕ್ಕೆ ಬುಟ್ಟಿ ಹೊರುವ ಆಳುಗಳು ಸಿಗದಂತಾದ ಮೇಲೆ, ನಮ್ಮ 45 ಎಚ್‌ಪಿಯ ಎರಡು ಚಕ್ರ ಚಾಲನೆಯ ಟ್ರ್ಯಾಕ್ಟರಿಗೆ ಮುಂದುಗಡೆ ಬಕೆಟ್ಟಿನಿಂದ ಮಣ್ಣು ಬಾಚಿ ಎತ್ತುವ ಲೋಡರ್ ಕೂರಿಸಿದೆ. ಕೂರಿಸಿದವರು ಲಿವರ್ ಎಳೆಯುವುದನ್ನು ತೋರಿಸಿ ಹೋದರು. ಹಿಂದೆ ಭಾರ ಬೇಕೆಂಬ ಮಾತನ್ನು ಯಾರೂ ಎತ್ತಲಿಲ್ಲ.

ಅದು ತಿಳಿದದ್ದು ಮೊದಲ ದಿನ ಮಧ್ಯಾಹ್ನ. ತೋಟದ ಅಂಚಿನ ಏರಿ ತಾಗಬಾರದೆಂದು ಒದ್ದೆ ಮಣ್ಣು ತುಂಬಿದ ಬಕೆಟ್ಟನ್ನು ಎದೆಯೆತ್ತರಕ್ಕೆ ಎತ್ತಿಕೊಂಡು, ಓರೆಯಾದ ಜಾಗದಲ್ಲಿ ಎಡಕ್ಕೆ ತಿರುಗಿಸುತ್ತಿದ್ದೆ. ಎಡಗಡೆಯ ಹಿಂಚಕ್ರ ನಿಧಾನವಾಗಿ ನೆಲ ಬಿಟ್ಟಿತು. ಚಕ್ರ ಗಾಳಿಯಲ್ಲಿ ಸುತ್ತುತ್ತಿತ್ತು, ಅದರ ಹಲ್ಲುಗಳ ಸಂದಿನಿಂದ ಕೆಸರಿನ ಹೆಂಟೆಗಳು ಒಂದೊಂದಾಗಿ ಉದುರುತ್ತಿದ್ದವು. ಕೆಳಗೆ ನಿಂತಿದ್ದವನು "ಹೆಗಡೇರೇ, ಬಕೆಟ್ ಕೆಳಗೆ ಬಿಡಿ" ಎಂದು ಕೂಗಿದ್ದರಿಂದ ಕೈ ಲಿವರಿನತ್ತ ಹೋಯಿತು, ಇಲ್ಲದಿದ್ದರೆ ಅದು ಸ್ಟೀರಿಂಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ಕೂತಿರುತ್ತಿತ್ತು.

ಆಮೇಲೆ ಟ್ರ್ಯಾಕ್ಟರನ್ನು ಶಿರಸಿಯ ವೇಬ್ರಿಜ್ಜಿಗೆ ಒಯ್ದು, ಮುಂದಿನ ಚಕ್ರಗಳನ್ನು ಬೇರೆ, ಹಿಂದಿನ ಚಕ್ರಗಳನ್ನು ಬೇರೆಯಾಗಿ ತೂಗಿಸಿದೆ. ಇಲ್ಲಿ ಕೊಡುವ ಅಂಕಿಗಳೆಲ್ಲ ಸರಿಸುಮಾರಾಗಿ ದುಂಡು ಮಾಡಿದವು. ಖಾಲಿ ಬಕೆಟ್ಟಿನಲ್ಲಿ ಮುಂದೆ 1,300 ಕೆಜಿ, ಹಿಂದೆ 1,050 ಕೆಜಿ ಇತ್ತು. ಬಕೆಟ್ಟಿಗೆ 450 ಕೆಜಿ ಮಣ್ಣು ತುಂಬಿದಾಗ ಮುಂದೆ 2,100 ಆಯಿತು, ಹಿಂದೆ 700ಕ್ಕೆ ಇಳಿಯಿತು. ಮಣ್ಣಿನ ತೂಕ ಮುಂದಿನ ಆಕ್ಸಲ್‌ಗಿಂತ (ಎರಡು ಚಕ್ರಗಳ ನಡುವಿನ ಅಚ್ಚಿಗಿಂತ) ಒಂದೂವರೆ ಮೀಟರಿನಷ್ಟು ಆಚೆ ಇರುವುದರಿಂದ ಮುಂದಿನ ಆಕ್ಸಲ್ ತಕ್ಕಡಿಯ ನಡುಗೂಟದಂತಾಗುತ್ತದೆ. ಮಣ್ಣು ತನ್ನ ತೂಕವನ್ನು ಮುಂದೆ ಹೇರುವುದಲ್ಲದೆ ಹಿಂದಿನ ಚಕ್ರದಿಂದಲೂ 350 ಕೆಜಿ ಕಿತ್ತುಕೊಂಡು ಮುಂದೆ ಸೇರಿಸುತ್ತದೆ. ಇಂಥ ಟ್ರ್ಯಾಕ್ಟರಿಗೆ ಎಳೆತವೂ ಬ್ರೇಕೂ ಹಿಂದಿನ ಚಕ್ರಗಳಲ್ಲಿ ಮಾತ್ರ ಇರುವುದರಿಂದ, ಹಿಂಭಾಗ ಹಗುರವಾಯಿತೆಂದರೆ ಎರಡೂ ಒಟ್ಟಿಗೆ ಹೋದಂತೆ. ಒಂದು ಹಿಂಚಕ್ರ ನೆಲ ಬಿಟ್ಟರೆ ಗೇರಿನ ಹಿಡಿತವೂ ಉಳಿಯುವುದಿಲ್ಲ. ಎತ್ತಿದ ಚಕ್ರ ತನ್ನಷ್ಟಕ್ಕೆ ತಿರುಗುತ್ತದೆ, ನೆಲದ ಮೇಲಿನದು ಬಿಡುವಾಗಿ ಉರುಳುತ್ತದೆ. ಮುಂದಿನ ಮೂರು ಬೇಸಿಗೆಗಳಲ್ಲಿ ಹಿಂದೆ ಭಾರ ಕೊಡುವ ಮೂರು ಬಗೆಗಳನ್ನು ಅದೇ ದಾರಿಯಲ್ಲಿ, ಅದೇ ಮಣ್ಣಿನಲ್ಲಿ ಬಳಸಿ ನೋಡಿದೆ.

ಕಬ್ಬಿಣದ ಬಿಲ್ಲೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಕ್ರಕ್ಕೆ ಎರಡರಂತೆ ನಾಲ್ಕು ಬಿಲ್ಲೆ, ತಲಾ 40 ಕೆಜಿ, ಒಟ್ಟು 160 ಕೆಜಿ. ಕಳೆದುಹೋದ 350ರ ಅರ್ಧವೂ ಮರಳಲಿಲ್ಲ. ಬೋಲ್ಟಿನ ತೂತಿಗೆ ತೂತು ಕೂಡಿಸುವಾಗ ಇಬ್ಬರು ಹಿಡಿದರೂ ಬೆರಳು ಜಜ್ಜಿಕೊಳ್ಳುವುದು ತಪ್ಪಲಿಲ್ಲ. ಉಳುಮೆಗೆ ಅವು ಸರಿ, ಲೋಡರಿಗೆ ಸಾಲುವುದಿಲ್ಲ.

ಎರಡನೆಯದು ನೀರು. ಚಕ್ರವನ್ನು ಜಾಕ್ ಕೊಟ್ಟು ಎತ್ತಿ, ವಾಲ್ವ್ ಮೇಲ್ತುದಿಗೆ ಬರುವಂತೆ ತಿರುಗಿಸಿ, ವಾಲ್ವಿನ ಮಟ್ಟದವರೆಗೆ ನೀರು ತುಂಬಿದರೆ ಟಯರಿನ ಮುಕ್ಕಾಲು ಭಾಗ ತುಂಬಿದಂತಾಗುತ್ತದೆ. ಮೇಲಿನ ಕಾಲು ಭಾಗಕ್ಕೆ ಗಾಳಿ ಇರಲೇಬೇಕು. ನಮ್ಮ 13.6-28 ಅಳತೆಯ ಟಯರಿಗೆ ತಲಾ 200 ಲೀಟರ್ ಹತ್ತಿರ ಹಿಡಿಯಿತು, ಅಂದರೆ ಎರಡೂ ಸೇರಿ 400 ಕೆಜಿ. ಹಿಮ ಬೀಳುವ ದೇಶಗಳಲ್ಲಿ ನೀರು ಹೆಪ್ಪುಗಟ್ಟದಿರಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ. ನಮಗೆ ಬಾವಿಯ ನೀರೇ ಸಾಕು. ಇದರ ದೊಡ್ಡ ಗುಣವೆಂದರೆ ಭಾರ ಪೂರ್ತಿ ಕೆಳಗಿರುವುದು. ಓರೆ ನೆಲದಲ್ಲಿ ಅಡ್ಡ ಹೋಗುವಾಗ ಟ್ರ್ಯಾಕ್ಟರ್ ನೆಲಕ್ಕೆ ಅಂಟಿಕೊಂಡಂತೆ ಕೂರುವುದು ಮೊದಲ ದಿನವೇ ಸೀಟಿನಲ್ಲಿ ಗೊತ್ತಾಗುತ್ತದೆ. ಆದರೆ ನೀರು ಹಿಂದಿನ ಆಕ್ಸಲಿನ ನೇರಕ್ಕೇ ಇರುವುದರಿಂದ ಮುಂದಿನ ಆಕ್ಸಲಿನ ಮೇಲಿನ ಹೊರೆ ಒಂದು ಕೆಜಿಯಷ್ಟೂ ಇಳಿಯುವುದಿಲ್ಲ. ವೇಬ್ರಿಜ್ಜಿನಲ್ಲಿ ಹಿಂದೆ 1,100 ಬಂತು, ಮುಂದೆ ಅದೇ 2,100 ಉಳಿಯಿತು. ಸಣ್ಣ ಮುಂಚಕ್ರಗಳು ಮೆತ್ತನೆಯ ಮಣ್ಣಿನಲ್ಲಿ ಹೂತುಕೊಂಡು, ಸ್ಟೀರಿಂಗ್ ತಿರುಗಿಸುವಾಗ ತೋಳು ಸೋಲುತ್ತಿತ್ತು. ಇನ್ನೊಂದು ತೊಂದರೆ ಪಂಕ್ಚರ್. ನೀರು ತುಂಬಿದ ಚಕ್ರವನ್ನು ಕಂಡೊಡನೆ ಪಂಕ್ಚರ್ ಅಂಗಡಿಯವರ ಮುಖ ಬದಲಾಗುತ್ತದೆ, ಅವರದೇನೂ ತಪ್ಪಿಲ್ಲ.

ಮೂರನೆಯದು ಡ್ರಮ್. 200 ಲೀಟರಿನ ಹಳೆಯ ಎಣ್ಣೆ ಡ್ರಮ್ಮನ್ನು ಅರ್ಧಕ್ಕಿಂತ ಸ್ವಲ್ಪ ಮೇಲೆ ಕತ್ತರಿಸಿ, ಒಂದು ಚೀಲ ಸಿಮೆಂಟಿನಲ್ಲಿ 1:2:4ರ (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್ ಕಲಸಿ ತುಂಬಿದೆವು. 120 ಲೀಟರ್ ಕಾಂಕ್ರೀಟ್ ಅಂದರೆ 290 ಕೆಜಿ, ಕಬ್ಬಿಣ ಸೇರಿ 300. ಟ್ರ್ಯಾಕ್ಟರಿನ ಹಿಂದೆ ಉಪಕರಣ ತೂಗುಹಾಕುವ ಮೂರು ತೋಳುಗಳಲ್ಲಿ ಕೆಳಗಿನ ಎರಡು ಲಿಂಕಿಗೆ 28 ಮಿಲಿಮೀಟರಿನ ಪಿನ್, ಮೇಲೆ ಟಾಪ್ ಲಿಂಕಿಗೆ 25ರ ಪಿನ್ ಕೂರುವಂತೆ ವೆಲ್ಡರನು ಚೌಕಟ್ಟು ಮಾಡಿ ಕಾಂಕ್ರೀಟಿನೊಳಗೇ ಹೂತುಕೊಟ್ಟನು. ನೀರಿಗಿಂತ 100 ಕೆಜಿ ಕಡಿಮೆಯಾದರೂ ಈ ಭಾರ ಹಿಂದಿನ ಆಕ್ಸಲ್‌ಗಿಂತ ಒಂದು ಮೀಟರ್ ಹಿಂದೆ ತೂಗುವುದರಿಂದ, ಬಕೆಟ್ಟು ಮುಂದೆ ಮಾಡಿದ್ದನ್ನು ಇದು ಹಿಂದೆ ಮಾಡುತ್ತದೆ. ವೇಬ್ರಿಜ್ಜಿನಲ್ಲಿ ಹಿಂದೆ 1,150 ಬಂತು, ಮುಂದೆ 1,950ಕ್ಕೆ ಇಳಿಯಿತು. 300 ಕೆಜಿ ಹಾಕಿ ಹಿಂದೆ 450 ಕೆಜಿ ಗಳಿಸಿದ್ದು ನೋಡಿ ತೂಕದವರೇ ಎರಡನೇ ಸಲ ಚೀಟಿ ತೆಗೆದರು. ಸ್ಟೀರಿಂಗಿನ ವ್ಯತ್ಯಾಸವಂತೂ ತೂಗಿಸದೆಯೇ ತಿಳಿಯುವಂಥದ್ದು.

ಡ್ರಮ್ಮಿಗೆ ಅದರದೇ ನಿಯಮಗಳಿವೆ. ಅದನ್ನು ಮೊಣಕಾಲಿಗಿಂತ ಮೇಲೆ ಎತ್ತಿದರೆ ಓರೆ ನೆಲದಲ್ಲಿ ಲಾಭಕ್ಕಿಂತ ಅಪಾಯವೇ ಹೆಚ್ಚು. ಕೆಳಗಿನ ಲಿಂಕುಗಳು ಪಕ್ಕಕ್ಕೆ ಸರಿಯದಂತೆ ಹಿಡಿಯುವ ಚೆಕ್ ಚೈನು ಸಡಿಲವಿದ್ದರೆ ಅಕ್ಕಪಕ್ಕ ತೂಗಾಡಿ ಟ್ರ್ಯಾಕ್ಟರನ್ನೇ ಅಲುಗಿಸುತ್ತದೆ. ಇಳಿಜಾರು ಮುಗಿದು ತೋಟದ ಸಮನೆಲ ಶುರುವಾಗುವಲ್ಲಿ ಡ್ರಮ್ಮಿನ ತಳ ನೆಲಕ್ಕೆ ಬಡಿಯುತ್ತಿತ್ತು. ಆ ಜಾಗವನ್ನು ಸ್ವಲ್ಪ ಸವರಿ ನುಣುಪು ಮಾಡಬೇಕಾಯಿತು. ಡ್ರಮ್ಮಿನ ಬದಲು ಮಣ್ಣು ಪುಡಿಮಾಡುವ ರೋಟವೇಟರನ್ನೇ ತೂಗುಹಾಕಿದರಾಗದೇ ಎಂದು ಅದನ್ನೂ ನೋಡಿದೆ. ತೂಕ ಒದಗಿತು, ಆದರೆ ಅದು ಚಕ್ರಗಳಿಗಿಂತ ಅಗಲವಾದ್ದರಿಂದ ತಿರುವಿನಲ್ಲಿ ಎರಡು ಎಳೆ ಅಡಿಕೆ ಮರಗಳ ತೊಗಟೆ ಸುಲಿಯಿತು.

ಡ್ರಮ್ಮಿನ ನಿಜವಾದ ಕೊರತೆ ಬೇರೆ. ಅದು ತೂಗುತ್ತಿರುವಾಗ ಟ್ರಾಲಿ ಕೊಂಡಿ ಹಾಕಲಾಗುವುದಿಲ್ಲ. ಒಂದೇ ಟ್ರ್ಯಾಕ್ಟರಿನಲ್ಲಿ ಮಣ್ಣು ತುಂಬಿ, ಅದೇ ಟ್ರ್ಯಾಕ್ಟರಿನಲ್ಲಿ ಟ್ರಾಲಿ ಎಳೆಯುವವರು ದಿನಕ್ಕೆ ಹತ್ತು ಸಲ ಡ್ರಮ್ ಬಿಚ್ಚಿ ಹಾಕುವುದಿಲ್ಲ. ಮೊದಲ ಎರಡು ಸಲ ಹಾಕುತ್ತಾರೆ, ಮೂರನೆಯ ಸಲ "ಒಂದು ಬಕೆಟ್ ತಾನೇ" ಎನ್ನುತ್ತಾರೆ. ಹಾಗೆ ಅಂದದ್ದು ನಾನೇ ಆದ್ದರಿಂದ ಹೇಳುತ್ತಿದ್ದೇನೆ. ನೀರು ಮಾತ್ರ ಯಾವಾಗಲೂ ಇದ್ದಲ್ಲೇ ಇರುತ್ತದೆ, ಸೋಮಾರಿತನಕ್ಕೆ ಎಡೆ ಕೊಡುವುದಿಲ್ಲ. ಮಣ್ಣನ್ನು ಬಕೆಟ್ಟಿನಲ್ಲೇ ತೋಟಕ್ಕೆ ಒಯ್ಯುವವರಿಗೆ ಡ್ರಮ್, ಟ್ರಾಲಿಯ ಕೆಲಸವೂ ಬೆರೆತಿದ್ದರೆ ನೀರು ಎಂಬ ತೀರ್ಮಾನಕ್ಕೆ ಬಂದದ್ದು ಇದರಿಂದಲೇ. ನಾನು ಈಗ ಎರಡನ್ನೂ ಇಟ್ಟುಕೊಂಡಿದ್ದೇನೆ: ನೀರು ಬೇಸಿಗೆಯುದ್ದಕ್ಕೂ, ಡ್ರಮ್ ಧರೆಯ ಕೆಲಸದ ದಿನಗಳಲ್ಲಿ.

ನೆರೆಯ ಭಾವನ ಮನೆಯ ನಾಲ್ಕು ಚಕ್ರ ಚಾಲನೆಯ ಟ್ರ್ಯಾಕ್ಟರನ್ನೂ ಎರಡು ದಿನ ಓಡಿಸಿದೆ. ಮುಂಚಕ್ರಗಳಿಗೂ ಗೇರು ಕೂಡಿಸಿಕೊಂಡು ಇಳಿದರೆ ಎಂಜಿನ್ನಿನ ಮತ್ತು ಬ್ರೇಕಿನ ಹಿಡಿತ ಮುಂದಕ್ಕೂ ಹರಿಯುವುದರಿಂದ ಜಾರುವ ಭಯ ಬಹಳ ಕಡಿಮೆ. ಆದರೆ ಅಡ್ಡಕ್ಕೆ ಮಗುಚುವ ಅಪಾಯವನ್ನು ಅದು ಕಳೆಯುವುದಿಲ್ಲ, ಹಿಂದೆ ಭಾರ ಬೇಡವೆಂದೂ ಆಗುವುದಿಲ್ಲ.

ಈ ಪ್ರಯೋಗಗಳಲ್ಲಿ ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಇಳಿಯುವ ದಿಕ್ಕು. ಐದು ಅಡಿಗೆ ಒಂದಡಿ ಇಳಿಯುವ ನಮ್ಮ ದಾರಿಯಲ್ಲಿ ತುಂಬಿದ ಬಕೆಟ್ ಮುಂದಿಟ್ಟುಕೊಂಡು ಇಳಿದರೆ ಹಿಂಚಕ್ರಗಳಿಂದ ಇನ್ನೂ 250 ಕೆಜಿ ಮುಂದಕ್ಕೆ ಹೋಗುತ್ತದೆಂದು ಲೆಕ್ಕ ಹೇಳುತ್ತದೆ. ಬಕೆಟ್ಟನ್ನು ಏರಿನ ಕಡೆಗಿಟ್ಟು ಹಿಮ್ಮುಖವಾಗಿ ಇಳಿದರೆ ಅಷ್ಟೇ ತೂಕ ಹಿಂಚಕ್ರಗಳಿಗೆ ಬರುತ್ತದೆ. ಎರಡಕ್ಕೂ ನಡುವಿನ ಅಂತರ 500 ಕೆಜಿ, ಅಂದರೆ ನನ್ನ ಡ್ರಮ್ಮಿನ ಇಡೀ ಗಳಿಕೆಗಿಂತ ಹೆಚ್ಚು, ಅದೂ ಕಾಸಿನ ಖರ್ಚಿಲ್ಲದೆ. ಕತ್ತು ತಿರುಗಿಸಿಕೊಂಡು ಇಳಿಯುವುದು ಹಿತವಲ್ಲ, ಧರೆಯ ಮೇಲೆ ತಿರುಗಿಸಿಕೊಳ್ಳಲು ಸಮತಟ್ಟಾದ ಜಾಗ ಬೇಕು. ಆದರೂ ತುಂಬಿದ ಬಕೆಟ್ಟಿನೊಡನೆ ನಾನೀಗ ಬೇರೆ ರೀತಿ ಇಳಿಯುವುದಿಲ್ಲ. ಗೇರನ್ನು ಮೇಲೆಯೇ ಹಾಕಿಕೊಳ್ಳುತ್ತೇನೆ, ಎಡ, ಬಲ ಹಿಂಚಕ್ರಗಳಿಗೆ ಬೇರೆಬೇರೆಯಾಗಿರುವ ಎರಡೂ ಬ್ರೇಕ್ ಪೆಡಲುಗಳನ್ನು ಕೊಂಡಿಯಿಂದ ಜೋಡಿಸಿರುತ್ತೇನೆ. ಉಳುಮೆಯಲ್ಲಿ ತಿರುಗಿಸಲೆಂದು ಬಿಚ್ಚಿದ ಕೊಂಡಿಯನ್ನು ಮರೆತು ಲೋಡರ್ ಕೆಲಸಕ್ಕೆ ಇಳಿದರೆ ಒಂದೇ ಚಕ್ರ ಹಿಡಿದು ಟ್ರ್ಯಾಕ್ಟರ್ ಅಡ್ಡ ಹೊರಳುತ್ತದೆ.

ಹಿಂದೆ ಎಷ್ಟೇ ಭಾರ ಕಟ್ಟಿದರೂ ಸರಿಯಾಗದ ತಪ್ಪುಗಳಿವೆ. ನಡೆಯುವಾಗ ಬಕೆಟ್ ನೆಲದಿಂದ ಒಂದಡಿ ಮೇಲಿರಬೇಕು, ಸುರಿಯುವ ಜಾಗ ತಲುಪಿದ ಮೇಲೆಯೇ ಎತ್ತಬೇಕು. ಇಳಿಸುತ್ತಿರುವ ಬಕೆಟ್ಟನ್ನು ನಡುವೆ ಗಕ್ಕನೆ ನಿಲ್ಲಿಸಿದರೆ ಹಿಂಭಾಗ ಕುಪ್ಪಳಿಸುತ್ತದೆ. ಅದೇ ಬಕೆಟ್ಟಿಗೆ ಬೆಟ್ಟದ ದರಕು (ಒಣಗಿದ ಎಲೆ) ತುಂಬಿದಾಗ ಏನೂ ಅನ್ನಿಸದೆ, ಮಳೆ ಬಿದ್ದ ಮರುದಿನದ ಕೆಂಪು ಮಣ್ಣು ತುಂಬಿದಾಗ ಟ್ರ್ಯಾಕ್ಟರ್ ಮುಗ್ಗರಿಸುತ್ತದೆ. ಅಂಥ ದಿನ ಮುಕ್ಕಾಲು ಬಕೆಟ್ಟಿಗೇ ನಿಲ್ಲಿಸುತ್ತೇನೆ. ಎತ್ತಿದ ಬಕೆಟ್ಟಿನ ಕೆಳಗೆ ಹೋಗಿ ಗ್ರೀಸ್ ಹೊಡೆಯುವವರನ್ನೂ, ಬಕೆಟ್ಟಿನಲ್ಲಿ ಆಳನ್ನು ನಿಲ್ಲಿಸಿ ಹಲಸಿನ ಕೊಂಬೆ ಕಡಿಸುವವರನ್ನೂ ಕಂಡಿದ್ದೇನೆ. ಹೈಡ್ರಾಲಿಕ್ ಪೈಪು ಒಡೆದರೆ ಬಕೆಟ್ ಹೇಳಿ ಕೇಳಿ ಬೀಳುವುದಿಲ್ಲ. ಪೈಪಿನ ಸಣ್ಣ ಸೋರಿಕೆಯನ್ನು ಬೆರಳಿನಿಂದ ಹುಡುಕಬಾರದು. ಆ ಒತ್ತಡದಲ್ಲಿ ಎಣ್ಣೆ ಚರ್ಮ ತೂರಿ ಒಳಹೋಗುತ್ತದೆ, ರಟ್ಟಿನ ತುಂಡು ಹಿಡಿದು ನೋಡಬೇಕು. ಮಗುಚಿದಾಗ ಕಾಯುವ ಕಬ್ಬಿಣದ ಕಮಾನು ಟ್ರ್ಯಾಕ್ಟರಿಗೆ ಇದ್ದರೆ ಸೀಟ್ ಬೆಲ್ಟ್ ಕಟ್ಟಿಕೊಳ್ಳಬೇಕು. ಬೆಲ್ಟ್ ಇಲ್ಲದಿದ್ದರೆ ಕಮಾನಿನ ಹೊರಗೆ ಬಿದ್ದು ಅದರಡಿಗೇ ಸಿಕ್ಕಬಹುದು.

ಮೇ ಕೊನೆಗೆ ಮಣ್ಣಿನ ಕೆಲಸ ಮುಗಿದೊಡನೆ ಲೋಡರ್ ಬಿಚ್ಚುತ್ತೇನೆ, ಅದರೊಂದಿಗೇ ಡ್ರಮ್ಮನ್ನೂ ಇಳಿಸುತ್ತೇನೆ. ಮುಂದಿನ ಭಾರ ಹೋದ ಮೇಲೆ ಡ್ರಮ್ ಉಳಿದರೆ ಏರು ಹತ್ತುವಾಗ ಮುಂಚಕ್ರ ಎತ್ತಿಕೊಳ್ಳುತ್ತದೆ. ಗದ್ದೆಯ ಕೆಸರಿನಲ್ಲಿ ಹೂಳಬಾರದೆಂದು ಟಯರಿನ ನೀರನ್ನೂ ಖಾಲಿ ಮಾಡುತ್ತೇನೆ. ವಾಲ್ವನ್ನು ಕೆಳಕ್ಕೆ ತಿರುಗಿಸಿಟ್ಟರೆ ಹೆಚ್ಚಿನ ನೀರು ತಾನಾಗಿಯೇ ಸುರಿದುಹೋಗುತ್ತದೆ, ತಳದಲ್ಲಿ ಉಳಿದದ್ದನ್ನು ಗಾಳಿ ಹೊಡೆದು ಸಣ್ಣ ಕೊಳವೆಯಿಂದ ತೆಗೆಯಬೇಕು. ಎರಡು ಚಕ್ರಕ್ಕೆ ಅರ್ಧ ದಿನದ ಕೆಲಸ.