ಟಿಪಿ-ಲಿಂಕ್ ಆರ್ಚರ್ ಸಿ6: ಬೀಗ ಇದೆ, ಹಾಕಬೇಕಾದವರು ನಾವು

ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಮುರಕಲ್ಲಿನ ಮನೆಗಳಲ್ಲಿ ಫೈಬರ್ ಜೊತೆ ಬರುವ ಡಬ್ಬದ ವೈಫೈ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ಎರಡನೇ ರೂಟರ್ ಹುಡುಕುವವರಿಗೆ ಆರ್ಚರ್ ಸಿ6 ಒಳ್ಳೆಯ ಆಯ್ಕೆ. 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಇದೆ, 4 ಗಿಗಾಬಿಟ್ ಲ್ಯಾನ್ ಪೋರ್ಟ್ ಇದೆ, ವೇಗದ ಬಗ್ಗೆ ದೂರಿಲ್ಲ. ಹೊರಗಿನವರು ನುಗ್ಗದಂತೆ ತಡೆಯುವ ವಿಷಯಕ್ಕೆ ಬಂದರೆ ಮಾತ್ರ, ಬಿಚ್ಚಿ ಹಾಗೇ ಇಟ್ಟ ಸಿ6ಗೆ ಪಾಸ್ ಮಾರ್ಕು ಸಿಗುವುದಿಲ್ಲ.

ಅಡಿಯ ಸ್ಟಿಕ್ಕರ್ ನೋಡಿ. ವೈಫೈ ಪಾಸ್‌ವರ್ಡ್ ಬರೀ 8 ಅಂಕಿ, ಅಂದರೆ 10 ಕೋಟಿ ಸಾಧ್ಯತೆ. ವೈಫೈಯನ್ನು ಕಾಯುವ ಡಬ್ಲ್ಯುಪಿಎ2 ಎಂಬ ಭದ್ರತಾ ವಿಧಾನದಲ್ಲಿ ಫೋನ್ ಕನೆಕ್ಟ್ ಆಗುವಾಗ ನಡೆಯುವ ವಿನಿಮಯವನ್ನು ಗೇಟಿನ ಹೊರಗೆ ನಿಂತವನು ಹಿಡಿದುಕೊಂಡು ಹೋಗಿ ನಿಧಾನವಾಗಿ ಬಿಡಿಸಬಹುದು. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 10 ಲಕ್ಷ ಪಾಸ್‌ವರ್ಡ್ ಪ್ರಯತ್ನಿಸುತ್ತದೆ. 8 ಅಂಕಿ ಎರಡು ನಿಮಿಷವೂ ಬಾಳದು. ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡುವವರೂ ಇದ್ದಾರೆ. 6ರಿಂದ 9ರೊಳಗೆ ಶುರುವಾಗುವ 10 ಅಂಕಿ ಎಂದರೆ 400 ಕೋಟಿ, ಅದೇ ಕಾರ್ಡಿಗೆ ಒಂದು ಗಂಟೆ ಚಿಲ್ಲರೆಯ ಕೆಲಸ. ಮದುವೆ ಕಾಗದದಲ್ಲಿ ಅಚ್ಚಾದ ನಂಬರಾದರೆ ಅದೂ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಸೇರಿಸಿ 20 ಅಕ್ಷರ ದಾಟಿಸಿ.

ಬ್ರೌಸರಿನಲ್ಲಿ 192.168.0.1 ತೆರೆದರೆ ಮೊದಲು ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ; ಅದು ವೈಫೈಯದ್ದಕ್ಕಿಂತ ಬೇರೆಯಿರಲಿ. ವೈರ್‌ಲೆಸ್ ಸೆಟ್ಟಿಂಗ್ಸ್‌ನಲ್ಲಿ ಡಬ್ಲ್ಯುಪಿಎ2 ಮತ್ತು ಅದರ ಹೊಸ ರೂಪವಾದ ಡಬ್ಲ್ಯುಪಿಎ3 ಒಟ್ಟಿಗಿರುವ ಆಯ್ಕೆ ಕಂಡರೆ ಅದೇ ಸರಿ. ಬರೀ 3 ಇಟ್ಟರೆ ಹಳೆಯ ಫೋನುಗಳು ಕನೆಕ್ಟ್ ಆಗುವುದಿಲ್ಲ. 2 ಮಾತ್ರ ಇದ್ದರೆ ಗೂಢಲಿಪಿಗೆ ಎಇಎಸ್ ಆರಿಸಿ, ಹಳೆಯ, ದುರ್ಬಲವಾದ ಟಿಕೆಐಪಿ ಬೇಡವೇ ಬೇಡ. ಪಾಸ್‌ವರ್ಡ್ ಇಲ್ಲದೆ ಸಾಧನ ಸೇರಿಸುವ ಡಬ್ಲ್ಯುಪಿಎಸ್ ಪಿನ್ ಆಫ್ ಮಾಡಿ: 8 ಅಂಕಿಯ ಆ ಪಿನ್ ಎರಡು ತುಂಡಾಗಿ ಪರೀಕ್ಷೆಯಾಗುವುದರಿಂದ ಹೆಚ್ಚೆಂದರೆ 11,000 ಊಹೆ ಸಾಕು ಎಂಬುದು 2011ರಲ್ಲೇ ಬಯಲಾದ ಸಂಗತಿ. ಹೊರಗಿನ ಇಂಟರ್ನೆಟ್ಟಿನಿಂದ ರೂಟರ್ ಸೆಟ್ಟಿಂಗ್ಸ್ ತೆರೆಯಲು ಬಿಡುವ ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಇದೆಯೇ ಎಂದು ಒಮ್ಮೆ ನೋಡಿಬಿಡಿ. ನೆಟ್‌ವರ್ಕ್ ಹೆಸರು ಅಡಗಿಸುವುದು, ಆಯ್ದ ಸಾಧನಗಳನ್ನಷ್ಟೇ ಒಳಬಿಡುವ ಮ್ಯಾಕ್ ಫಿಲ್ಟರ್ ಹಾಕುವುದು ಕಾಲಹರಣ. ಎರಡನ್ನೂ ಉಚಿತ ಆ್ಯಪ್‌ಗಳೇ ದಾಟುತ್ತವೆ.

ಸಿ6ರಲ್ಲಿ ನಿಜಕ್ಕೂ ಮೆಚ್ಚುವಂಥದ್ದು ಗೆಸ್ಟ್ ನೆಟ್‌ವರ್ಕ್, ಅಂದರೆ ಮನೆಯದ್ದರಿಂದ ಬೇರೆಯಾಗಿರುವ ಇನ್ನೊಂದು ವೈಫೈ. ಅಡಿಕೆ ಅಂಗಳದ ಸಿಸಿಟಿವಿ, ಟಿವಿ, ಬಂದುಹೋಗುವವರ ಫೋನು ಎಲ್ಲ ಅಲ್ಲಿಗೆ. ಗೆಸ್ಟ್‌ಗಳಿಗೆ ಮನೆಯ ನೆಟ್‌ವರ್ಕ್ ಬಿಡುವ ಟಿಕ್ ಖಾಲಿ ಇರಬೇಕು. ಒಂದು ತೊಡಕಿದೆ: ಕ್ಯಾಮೆರಾ ಕ್ಲೌಡ್ ಮೂಲಕ ಕೆಲಸ ಮಾಡುವಂಥದ್ದಲ್ಲದಿದ್ದರೆ ಮನೆಯ ಫೋನಿನಲ್ಲಿ ಕಾಣಿಸುವುದಿಲ್ಲ, ಟಿವಿಗೆ ಫೋನಿನಿಂದ ಕಾಸ್ಟ್ ಮಾಡುವುದೂ ನಿಲ್ಲುತ್ತದೆ.

ಇಷ್ಟೆಲ್ಲ ಮಾಡಿ ಹೆಚ್ಚಿನವರು ಮರೆಯುವುದು ಹಳೆಯ ಡಬ್ಬವನ್ನು. ಸಿ6 ಎಷ್ಟೇ ಭದ್ರವಿರಲಿ, ಚಾವಡಿಯ ಫೈಬರ್ ಡಬ್ಬ ತನ್ನದೇ ವೈಫೈಯನ್ನು ಹಳೆಯ ಪಾಸ್‌ವರ್ಡಿನಲ್ಲಿ ಬಿಡುತ್ತಲೇ ಇರುತ್ತದೆ. ಅದರ ಸೆಟ್ಟಿಂಗ್ಸ್ ಪುಟ ಸಾಮಾನ್ಯವಾಗಿ 192.168.1.1, ಹೆಸರು, ಪಾಸ್‌ವರ್ಡ್ ಎರಡೂ ಹಲವು ಡಬ್ಬಗಳಲ್ಲಿ ‘ಅಡ್ಮಿನ್’ ಎಂದೇ. ಒಳಹೋಗಿ ಆ ಪಾಸ್‌ವರ್ಡ್ ಬದಲಿಸಿ, ಎರಡೂ ಬ್ಯಾಂಡಿನ ವೈಫೈ ಆಫ್ ಮಾಡಿ. ಕಂಪನಿಯ ಲೈನಿಗೆ ಜೋಡಿಸುವ ವ್ಯಾನ್ (WAN), ವಿಲ್ಯಾನ್ (VLAN) ಅಂಕಿಗಳನ್ನು ಮುಟ್ಟಬೇಡಿ, ಇಂಟರ್ನೆಟ್ಟೇ ಹೋದೀತು. ತುಲಾ ತಿಂಗಳ ಸಿಡಿಲಿಗೆ ಡಬ್ಬ ಸುಟ್ಟು ಹೊಸದು ಬಂದಾಗ ಎಲ್ಲವೂ ಮೊದಲಿನಂತಾಗಿರುತ್ತದೆ. ಬದಲಿಸಲು ಬಂದವರು ಹೊರಡುವ ಮೊದಲೇ ಈ ಕೆಲಸ ಮುಗಿಸಿ.

ರೂಟರಿನೊಳಗಿನ ಸಾಫ್ಟ್‌ವೇರ್ ಆದ ಫರ್ಮ್‌ವೇರಿನ ಹೊಸ ಆವೃತ್ತಿ ಹಾಕುವಾಗ ಸ್ಟಿಕ್ಕರಿನಲ್ಲಿರುವ ಹಾರ್ಡ್‌ವೇರ್ ವರ್ಶನ್ ತಾಳೆ ನೋಡಿ, ಬೇರೆಯದ್ದು ಹಾಕಿದರೆ ರೂಟರ್ ಕೆಟ್ಟೀತು. ನಡುವೆ ಕರೆಂಟ್ ಹೋದರೂ ಅದೇ ಗತಿ. ಇನ್ವರ್ಟರ್ ಇಲ್ಲದಿದ್ದರೆ 12 ವೋಲ್ಟಿನ ಮಿನಿ ಯುಪಿಎಸ್ ಕೂಡ ತನ್ನಿ.