ಚೀಟಿಯಲ್ಲಿ 20, ಅಪ್ಪನ ಮೈಗೆ ಹೋಗಿದ್ದು 50

ಒಂದು ವಾರದಿಂದ ಬರೆಯಬೇಕು ಅಂದುಕೊಂಡು ನಾಚಿಕೆಗೆ ಸುಮ್ಮನಿದ್ದೆ. ಇವತ್ತು ಹೋಮ್ ನರ್ಸ್ ಕಳಿಸುವ ಏಜೆನ್ಸಿಯವರು ಬಿಲ್ ಕಳಿಸಿದ್ದಾರೆ. ಇನ್ನು ಸುಮ್ಮನಿರೋಕೆ ಆಗಲ್ಲ.

ಅಪ್ಪನಿಗೆ 74. ಶುಗರ್‌ಗೆ ಬೆಳಿಗ್ಗೆ 20 ಯೂನಿಟ್ ಮಿಕ್ಸ್ ಇನ್ಸುಲಿನ್, 30/70 (ಬೇಗ ಕೆಲಸ ಮಾಡೋದು 30 ಭಾಗ, ನಿಧಾನದ್ದು 70). ಸೊಂಟದ ಆಪರೇಷನ್ ಆದಮೇಲೆ ನೋಡಿಕೊಳ್ಳಲು ಹೋಮ್ ನರ್ಸ್ ಬೇಕಿತ್ತು. "ಜಿಎನ್‌ಎಂ ಮುಗಿಸಿದ ಸಿಸ್ಟರ್, ಎಂಟು ವರ್ಷ ಅನುಭವ ಮೇಡಂ" ಅಂದರು ಏಜೆನ್ಸಿಯವರು. ಜಿಎನ್‌ಎಂ ಅಂದರೆ ನರ್ಸಿಂಗ್ ಡಿಪ್ಲೊಮಾ. ನಂಬಿದೆ. ಆ ಹುಡುಗಿ ನೀಟಾಗಿ ಚಾರ್ಟ್ ಬರೆಯುತ್ತಿದ್ದಳು. ನಾನು ಆಫೀಸಿಗೆ ಓಡುವ ಮುಂಚೆ ನೋಡದೇ ಸಹಿ ಹಾಕುತ್ತಿದ್ದೆ. ಹೌದು, ನೋಡದೇ.

ಆವತ್ತು 11 ಗಂಟೆಗೆ ಅಮ್ಮನ ಫೋನ್. "ಬನಿಯನ್ ಒದ್ದೆ ಆಗೋಷ್ಟು ಬೆವರ್ತಿದ್ದಾರೆ, ಮಾತು ತೊದಲ್ತಿದೆ." ಶುಗರ್ ನೋಡಿದರೆ 41, ತೀರಾ ಕಡಿಮೆ. ನುಂಗೋಕೆ ಆಗ್ತಿತ್ತು, ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡೆಕ್ಸ್‌ಟ್ರೋಸ್ (ಗ್ಲೂಕೋಸ್) ಹಾಕಿ, ಮತ್ತೆ ಇಳಿಯಬಹುದು ಅಂತ ರಾತ್ರಿಯೆಲ್ಲ ಇಟ್ಟುಕೊಂಡರು. ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ. "ಯಾವ ಸಿರಿಂಜ್?" ನಾನು ಪೆದ್ದಿ ಹಾಗೆ "ಇನ್ಸುಲಿನ್ ಸಿರಿಂಜ್ ಸರ್" ಅಂದೆ.

ಮನೆಗೆ ಬಂದು ಕಸದ ಡಬ್ಬಿ ಸುರಿದೆ. ಕೆಂಪು ಮುಚ್ಚಳದ ಸಿರಿಂಜ್ ಸಿಕ್ಕಿತು. ಕೆಂಪು! ಅದು 40ರದ್ದು, ಅಂದರೆ ಒಂದು ಎಂಎಲ್‌ಗೆ 40 ಯೂನಿಟ್ ಇರುವ ಇನ್ಸುಲಿನ್‌ಗೆ ಗೆರೆ ಹಾಕಿರೋದು, ಹಳೇ ಬಾಟಲಿ ಇದ್ದಾಗ ನಾನೇ ತಂದಿಟ್ಟಿದ್ದು. ಈಗ ಅಪ್ಪ ಹಾಕಿಕೊಳ್ಳೋದು ಇನ್ಸುಲಿನ್ ಪೆನ್ನು, ಅದರ ಕಾರ್ಟ್ರಿಜ್‌ನಲ್ಲಿ (ಒಳಗಿನ ಔಷಧಿ ಕೊಳವೆಯಲ್ಲಿ) ಒಂದು ಎಂಎಲ್‌ಗೆ 100 ಯೂನಿಟ್. ಪೆನ್ ಸೂಜಿ ಖಾಲಿಯಾಗಿತ್ತಂತೆ. ನನಗೆ ಒಂದು ಫೋನ್ ಮಾಡೋದು ಬಿಟ್ಟು, ಕಾರ್ಟ್ರಿಜ್‌ಗೇ ಸಿರಿಂಜ್ ಚುಚ್ಚಿ 20ರ ಗೆರೆವರೆಗೆ ಎಳೆದಿದ್ದಾಳೆ. ಆ ಗೆರೆ ಅಂದರೆ ಅರ್ಧ ಎಂಎಲ್. 100ರ ಇನ್ಸುಲಿನ್ ಅರ್ಧ ಎಂಎಲ್ ಅಂದರೆ 50 ಯೂನಿಟ್. ಎರಡೂವರೆ ಪಟ್ಟು! ಚಾರ್ಟ್ ತೆಗೆದು ನೋಡಿದೆ. ಮುದ್ದಾದ ಅಕ್ಷರದಲ್ಲಿ "20 ಯೂನಿಟ್". ಕೆಳಗೆ ನನ್ನ ಸಹಿ.

ಏಜೆನ್ಸಿಗೆ ಫೋನ್ ಮಾಡಿದೆ. ಮೊದಲು, "ಅಂಕಲ್ ತಿಂಡಿ ಸರಿಯಾಗಿ ತಿಂದಿರಲ್ಲ ಮೇಡಂ." ನಾಲ್ಕು ಇಡ್ಲಿ ತಿಂದಿದ್ದಾರೆ ಕಣ್ರೀ! ಆಮೇಲೆ, "ಸಿರಿಂಜ್ ನಿಮ್ಮ ಮನೇದೇ ಅಲ್ವಾ?" ಅದು ಚುಚ್ಚಿದ ಹಾಗಾಯ್ತು, ಯಾಕಂದ್ರೆ ನಿಜ. ಆದರೆ ಯಾವುದಕ್ಕೆ ಯಾವುದು ಅಂತ ಗೊತ್ತಿರಲಿ ಅಂತ ತಾನೇ ನರ್ಸ್ ಇಟ್ಟುಕೊಳ್ಳೋದು? ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೊಡಿ ಅಂದೆ. ಅರ್ಧ ದಿನ ಉತ್ತರ ಇಲ್ಲ. ಕೊನೆಗೆ, "ಅವರು ಟ್ರೇನ್ಡ್ ಅಟೆಂಡರ್ ಮೇಡಂ, ನರ್ಸ್ ಥರಾನೇ." ಥರಾನೇ ಅಂತೆ! ನರ್ಸ್ ರೇಟ್ ತಗೊಂಡು ನರ್ಸ್ ಥರದವರನ್ನು ಕಳಿಸಿದ್ದಾರೆ.

ಆ ಹುಡುಗಿ ಅಳುತ್ತಾ ನಿಂತಿದ್ದಳು. ಅವಳ ಮೇಲೆ ಕೋಪ ಇದೆ, ಆದರೆ ಕಲಿಸದೇ ಕಳಿಸಿದವರ ಮೇಲೆ ಜಾಸ್ತಿ.

ಮೊದಲ ದಿನವೇ ನೋಂದಣಿ ಸಂಖ್ಯೆ ಕೇಳಿ, ನಾಚಿಕೊಳ್ಳಬೇಡಿ. ಇನ್ಸುಲಿನ್ ಬಾಟಲಿ ಮೇಲೆ 40 ಇದ್ದರೆ ಕೆಂಪು ಮುಚ್ಚಳದ ಸಿರಿಂಜ್, 100 ಇದ್ದರೆ ಕಿತ್ತಳೆ ಮುಚ್ಚಳದ್ದು. ಪೆನ್ ಕಾರ್ಟ್ರಿಜ್‌ನಿಂದ ಸಿರಿಂಜ್‌ಗೆ ಎಳೆಯೋದೇ ಬೇಡ. ಹಳೇ ಸಿರಿಂಜ್ ಮನೇಲಿ ಇಟ್ಟುಕೊಳ್ಳಬೇಡಿ, ನನ್ನ ಹಾಗೆ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ.

ಬಿಲ್‌ನಲ್ಲಿ ಆ ದಿನದ್ದೂ ಪೂರ್ತಿ ಚಾರ್ಜ್ ಹಾಕಿದ್ದಾರೆ. ಕಟ್ಟಲ್ಲ ಅಂದಿದ್ದೇನೆ. ಅವರ ಮ್ಯಾನೇಜರ್ ನಾಳೆ ಫೋನ್ ಮಾಡ್ತಾರಂತೆ. ಮಾಡಲಿ.